ಖಾಲಿ ಸೀಟು ಕಂಡರೆ ಆಗದವರು

ಅವರು ಹೋದ ಸುದ್ದಿ ನನಗೆ ತಿಳಿದದ್ದು ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ. ತರೀಕೆರೆಯ ಮಗಳ ಮನೆಯಲ್ಲಿ ಕೆಲವು ದಿನ ಇದ್ದು, ಸೋಮವಾರ ಬೆಳಗಿನ ಬಸ್ಸಿಗೆ ಬಂದು ಇಳಿದಿದ್ದೆ. ಎಲೆ ಅಡಿಕೆ ಮಾರುವ ಹೆಂಗಸು ನನ್ನನ್ನು ಕಂಡವಳೇ ಬುಟ್ಟಿ ಬಿಟ್ಟು ಎದ್ದು ಬಂದಳು.

"ಅಕ್ಕಾ, ನಿಮ್ಮ ಭಜನೆ ಏಜೆಂಟರು ಮೊನ್ನೆ ಹೋಗ್ಬಿಟ್ರು. ಮಣ್ಣೂ ಆಯ್ತು. ನಿಮಗೆ ಹೇಳಿ ಕಳ್ಸಾಣ ಅಂದ್ರೆ ಮಗಳ ಮನೆ ಎಲ್ಲಿ ಅಂತ ಯಾರಿಗೂ ತಿಳೀಲಿಲ್ಲ."

ಚೀಲವನ್ನು ಕೆಳಗಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತೆ. ಎದುರಿಗೆ ಬೀರೂರಿನ ಬಸ್ಸು ನಿಂತಿತ್ತು. ಅದರ ಬಾಗಿಲಲ್ಲಿ ನಿಂತು ಯಾರೋ ಕೂಗುತ್ತಿದ್ದರು. ಆ ಕೂಗು ಬೇರೆ. ಅವರ ಕೂಗು ಕೇಳಿದ್ದವರಿಗೆ ಇದು ಕೂಗು ಅನ್ನಿಸುವುದಿಲ್ಲ.

"ಇವತ್ತು ಸೋಮವಾರ. ಸಂಜೆ ಭಜನೆ ಇರ್ತದಾ?" ಎಂದು ಕೇಳಿದೆ.

"ಇರ್ತದಂತೆ. ನಾನು ಹೋದೆ ಅಂತ ಒಂದು ವಾರ ನಿಲ್ಲಿಸಿದ್ರೂ ಎದ್ದು ಬಂದು ಬೈತೀನಿ ಅಂದಿದ್ರಂತೆ."

ನನಗೆ ಅಳುವಿಗಿಂತ ಮುಂಚೆ ನಗು ಬಂತು. ಆಮೇಲೆ ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು ಮನೆಗೆ ನಡೆದೆ. ಹಿಂದೆ ಒಂದು ಸಾವಿನಲ್ಲಿ ನಾನು ಅತ್ತ ಅಳುವಿಗೂ ಈ ಅಳುವಿಗೂ ಬಹಳ ವ್ಯತ್ಯಾಸವಿತ್ತು. ಆ ವ್ಯತ್ಯಾಸಕ್ಕೆ ಅವರೇ ಕಾರಣ. ಅದನ್ನು ಬರೆದಿಡಬೇಕು ಅನ್ನಿಸಿತು. ನಾನು ಕಡೂರಿನಲ್ಲಿ ಮಿಡಲ್ ಸ್ಕೂಲಿನವರೆಗೆ ಓದಿದವಳು. ರವಿಕೆ ಹೊಲಿದು ಜೀವನ ಮಾಡಿದವಳು. ನನಗೆ ತಿಳಿದಂತೆ ಬರೆಯುತ್ತೇನೆ.

ಅವರು ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. ಬಸ್ಸು ಬಂದು ನಿಂತ ಮೇಲೆ ಅದನ್ನು ತುಂಬಿಸಿ ಕಳಿಸುವುದು ಅವರ ಕೆಲಸ. "ಶಿವನೀ, ಬುಕ್ಕಾಂಬುಧೀ" ಎಂದು ಒಂದು ಬಸ್ಸಿನ ಮುಂದೆ ಕೂಗಿ, ಅಲ್ಲಿಂದ ಎರಡು ಹೆಜ್ಜೆ ಹಾಕಿ "ಬೀರೂರ್, ಕಡೂರ್ ಕಡೂರ್ ಕಡೂರ್" ಎಂದು ಇನ್ನೊಂದರ ಮುಂದೆ ಕೂಗುವರು. ಕಡೂರನ್ನು ಮೂರು ಸಲ ಕೂಗುವುದು ಯಾಕೆ ಎಂದು ನನ್ನ ಗಂಡ ಒಮ್ಮೆ ಕೇಳಿದ್ದಕ್ಕೆ, "ದೂರದ ಊರಲ್ವೇನಪ್ಪಾ, ಅಲ್ಲೀವರೆಗೂ ಕೇಳ್ಬೇಕು" ಅಂದಿದ್ದರಂತೆ.

ಬಿಳಿ ಅಂಗಿ, ಪಂಚೆ, ಹೆಗಲ ಮೇಲೆ ಟವೆಲು. ಅಂಗಿಯ ಜೇಬಿನಲ್ಲಿ ಎಲೆ ಅಡಿಕೆಯ ಪೊಟ್ಟಣ. ಕೂಗಿ ಕೂಗಿ ಗಂಟಲು ಬಿರುಸಾಗಿತ್ತು. ಮಾತಾಡಿದರೆ ಮರ ಕೊಯ್ದ ಹಾಗೆ. ಆದರೆ ಹಾಡಲು ಕೂತರೆ ಅದೇ ಗಂಟಲು ಹೇಗೆ ಅಷ್ಟು ಮೆತ್ತಗಾಗುತ್ತಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಅವರಿಗೆ ಒಂದು ರೋಗವಿತ್ತು, ಹಾಗಂತ ಅವರ ಹೆಂಡತಿಯೇ ಹೇಳುತ್ತಿದ್ದರು. ಎಲ್ಲೇ ಹೋಗಲಿ, ಕೂತಿರುವವರನ್ನು ಜರುಗಿಸಿ ನಿಂತಿರುವವರಿಗೆ ಜಾಗ ಮಾಡಬೇಕು. ಮದುವೆ ಮನೆಯ ಪಂಕ್ತಿಗೆ ಹೋದರೆ ಬಡಿಸುವವರಿಗಿಂತ ಮುಂಚೆ ಇವರು ಒಂದು ಸುತ್ತು ಹಾಕುವರು. "ಯಜಮಾನ್ರೇ, ಮೊಣಕಾಲು ಸ್ವಲ್ಪ ಮಡಚಿ. ಇಲ್ಲಿ ಇನ್ನೊಂದು ಎಲೆ ಬೀಳ್ತದೆ." ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕೂತವರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಯಾರದೋ ಮನೆಗೆ ಸಾವು ಮಾತಾಡಿಸಲು ಹೋದಾಗ, ಜಗಲಿಯ ಮೇಲೆ ಅಗಲವಾಗಿ ಕೂತಿದ್ದ ನೆಂಟರಿಗೆ "ಒಳಕ್ಕೆ ನಡೀರಿ, ಒಳಗೆ ಖಾಲಿ ಐತೆ" ಎಂದುಬಿಟ್ಟರು. ಸತ್ತವರ ಮಗನೇ ಅಳುವುದನ್ನು ನಿಲ್ಲಿಸಿ ನಕ್ಕನಂತೆ.

ಆಗೆಲ್ಲ ಬಸ್ಸಿನಲ್ಲಿ ಸೀಟು ಹಿಡಿಯುವುದು ಕಿಟಕಿಯಿಂದ ಟವೆಲು ಎಸೆದು. ಟವೆಲು ಬಿದ್ದ ಸೀಟಿನ ಮೇಲೆ ಬಸುರಿ ಹೆಂಗಸು ಬಂದರೂ ಕೂರುವಂತಿಲ್ಲ. ಬಸ್ಸು ನಿಂತಿರುವಷ್ಟು ಹೊತ್ತು ಅವರೂ ಅದನ್ನು ಒಪ್ಪುತ್ತಿದ್ದರು. ಬೇರೆಯವರು ಟವೆಲು ಸರಿಸಿದರೆ ಬೈಯುತ್ತಿದ್ದರು. ಆದರೆ ಡ್ರೈವರ್ ಹತ್ತಿ ಕೂತ ಮೇಲೆ ಅವರ ಕಾನೂನು ಬದಲಾಗುತ್ತಿತ್ತು. ಬಸ್ಸಿನೊಳಗೆ ಹತ್ತಿ, ಧಣಿಯಿಲ್ಲದ ಟವೆಲುಗಳನ್ನು ಒಂದೊಂದಾಗಿ ಎತ್ತಿ, ಕೊಡವಿ, ಮಡಚಿ, ಮೇಲಿನ ಕಂಬಿಗೆ ಹಾಕುವರು. ನಿಂತವರನ್ನು ಕೂರಿಸುವರು. ಟವೆಲನ್ನು ಎಸೆದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ.

ಒಂದು ದಿನ ನಾನೂ ನನ್ನ ಗಂಡನೂ ಬೀರೂರಿಗೆ ಹೊರಟಿದ್ದೆವು. ಸಿಂಗಟಗೆರೆಗೆ ಹೋಗಬೇಕಿದ್ದ ಒಬ್ಬ ದೊಡ್ಡ ಮನುಷ್ಯ ಟವೆಲು ಹಾಕಿ ಕಾಫಿಗೆ ಹೋದವನು, ಬಸ್ಸು ಕದಲುವಾಗ ಓಡಿ ಬಂದು ಹತ್ತಿದ. ತನ್ನ ಸೀಟಿನಲ್ಲಿ ಒಬ್ಬ ಮುದುಕಿ ಕೂತಿದ್ದಳು.

"ಯಾವನ್ರೀ ನನ್ನ ಟವೆಲ್ ತೆಗ್ದೋನು?"

"ನಾನೇ ಕಣಯ್ಯ. ತಗೋ, ಇಲ್ಲೇ ಐತೆ, ಮಡಚಿ ಇಟ್ಟಿದ್ದೀನಿ."

"ಟವೆಲ್ ಹಾಕಿದ್ ಮೇಲೆ ಸೀಟು ನಂದಲ್ವೇನ್ರೀ?"

"ಟವೆಲ್ ನಿಂದು. ಅದನ್ನ ಯಾರೂ ಇಲ್ಲ ಅಂದಿಲ್ಲ. ಸೀಟು ಬಸ್ಸಿಂದು. ಹಿಂದಕ್ಕೆ ನಡಿ, ಅಲ್ಲಿ ಯಾರದೋ ಎಣ್ಣೆ ಡ್ರಮ್ಮು ಐತೆ, ಅದರ ಮೇಲೆ ಕೂತ್ಕೊ. ಅಲ್ಲಿ ಗಾಳಿ ಚೆನ್ನಾಗಿ ಬತ್ತದೆ."

ಬಸ್ಸೆಲ್ಲ ನಕ್ಕಿತು. ನನ್ನ ಗಂಡ ಬೀರೂರು ಬರುವ ತನಕ "ಸೀಟು ಬಸ್ಸಿಂದು" ಎಂದು ಹೇಳಿಕೊಂಡು ನಗುತ್ತಲೇ ಇದ್ದರು. ಅದು ನಾನು ಅವರ ಜೊತೆ ಮಾಡಿದ ಕೊನೆಯ ಪ್ರಯಾಣಗಳಲ್ಲಿ ಒಂದು.

ನನ್ನ ಗಂಡನಿಗೆ ಬೀರೂರಿನ ರೈಲ್ವೆಯಲ್ಲಿ ಕೆಲಸ. ಅವರು ಏಜೆಂಟರನ್ನು ಅಣ್ಣ ಎನ್ನುತ್ತಿದ್ದರು, ಹಾಗಾಗಿ ನನಗೆ ಭಾವ. ಇಬ್ಬರನ್ನೂ ಕೂಡಿಸಿದ್ದು ಸೋಮವಾರದ ಭಜನೆ. ಪೇಟೆಯ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಮಠವಿದೆ. ಹಿಂದೆ ಇದ್ದ ಒಬ್ಬ ಅಜ್ಜಯ್ಯನವರ ಗದ್ದುಗೆ, ಅದರ ಮುಂದೆ ಒಂದು ಹಜಾರ, ಅಷ್ಟೇ. ದೊಡ್ಡ ಮಠದ ಸ್ವಾಮಿಗಳು ವರ್ಷಕ್ಕೊಮ್ಮೆ ಬಂದು ಹೋಗುವರು. ಉಳಿದಂತೆ ಅದನ್ನು ನಡೆಸಿದ್ದು ಈ ಭಜನೆಯವರೇ. ದೀಪ ಹಚ್ಚುವ ಹೊತ್ತಿಗೆ ಸೇರುವರು. ಭಾವ ಪದ ಎತ್ತಿಕೊಡುವರು, ಉಳಿದವರು ತಾಳ ಹಿಡಿದು ಹಿಂದೆ ಹೇಳುವರು. ಭಜನೆ ಶುರುವಾದಾಗ ಒಬ್ಬನೇ ಕಂಚುಗಾರನಿಗೆ ಹೇಳಿ ಅಷ್ಟೂ ಜೊತೆ ತಾಳಗಳನ್ನು ಒಂದೇ ಎರಕದಲ್ಲಿ ಮಾಡಿಸಿದ್ದರು. ಎಲ್ಲವೂ ಕೂಡಿ ಬಾರಿಸಿದರೆ ಒಂದೇ ದನಿ.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಭಜನೆಯ ಒಬ್ಬರು ತೀರಿಕೊಂಡರೆ ಅವರ ತಾಳವನ್ನು ಗೋಡೆಯ ಮೊಳೆಗೆ ನೇತು ಹಾಕುವರು. ಸೋಮವಾರ ಅದಕ್ಕೂ ವಿಭೂತಿ ಹಚ್ಚಿ ಒಂದು ಹೂವು ಇಡುವರು. ಮತ್ತೆ ಅದನ್ನು ಯಾರೂ ಬಾರಿಸುವಂತಿಲ್ಲ. ನಾನು ಮದುವೆಯಾಗಿ ಬಂದಾಗ ಗೋಡೆಯ ಮೇಲೆ ಒಂದೆರಡು ಜೊತೆ ಇದ್ದವು. ಆಮೇಲೆ ಒಂದೊಂದಾಗಿ ಹೆಚ್ಚಿದವು. ನನ್ನ ಗಂಡ ಕಾಮಾಲೆಯಿಂದ ಹೋದಾಗ ಅವರದ್ದೂ ಅಲ್ಲಿಗೆ ಸೇರಿತು. ಮಗಳು ಆಗಿನ್ನೂ ಪ್ರೈಮರಿ ಶಾಲೆಯಲ್ಲಿದ್ದಳು.

ಆ ಮೊದಲ ಒಂದೆರಡು ವರ್ಷ ನಾನು ಹೇಗೆ ಬದುಕಿದೆ ಎಂದರೆ, ಸೋಮವಾರದಿಂದ ಸೋಮವಾರಕ್ಕೆ ಬದುಕಿದೆ. ಹೆಂಗಸರು ಹಾಡುತ್ತಿರಲಿಲ್ಲ. ಕಂಬದ ಹಿಂದೆ ಕೂತು ಕೇಳುವುದು ಅಷ್ಟೇ. ನಾನು ಕೇಳುತ್ತಲೂ ಇರಲಿಲ್ಲ. ಗೋಡೆಯನ್ನು ನೋಡುತ್ತಿದ್ದೆ. ನನ್ನ ಗಂಡ ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ತಾಳದ ದಾರ ಸ್ವಲ್ಪ ಕಪ್ಪಾಗಿತ್ತು. ಆ ಕಪ್ಪು ಅವರ ಕೈಯದು. ಮನೆಯಲ್ಲಿದ್ದ ಬಟ್ಟೆಬರೆಯನ್ನೆಲ್ಲ ನೆಂಟರು ಹಂಚಿ ಮುಗಿಸಿದ್ದರು. ಉಳಿದಿದ್ದು ಇದೊಂದು.

ಇನ್ನೂ ಕೆಲವು ವರ್ಷ ಕಳೆದವು. ಮಗಳು ಹೈಸ್ಕೂಲಿಗೆ ಬಂದಳು. ಭಜನೆ ಸಣ್ಣಗಾಗುತ್ತಾ ಹೋಯಿತು. ಗೋಡೆಯಲ್ಲಿ ತಾಳ ಹೆಚ್ಚಾದಷ್ಟೂ ನೆಲದಲ್ಲಿ ಜನ ಕಡಿಮೆ. ಕೊನೆಗೆ ಭಾವ, ಕಿರಾಣಿ ಅಂಗಡಿಯ ರುದ್ರಪ್ಪನವರು, ಇನ್ನು ಇಬ್ಬರು ಮೂವರು ವಯಸ್ಸಾದವರು. ಕೆಲವು ಸೋಮವಾರ ಭಾವ ಪದ ಎತ್ತಿದರೆ ಹಿಂದೆ ಹೇಳುವ ದನಿ ಅವರ ಒಂದೇ ದನಿಗಿಂತ ಸಣ್ಣದಾಗಿ ಕೇಳುತ್ತಿತ್ತು. ಆಗ ಅವರ ಮುಖ ನೋಡಬೇಕಿತ್ತು. ಬಸ್ಸು ಖಾಲಿ ಹೋಗುವಾಗ ಇರುತ್ತಿದ್ದ ಮುಖವೇ ಅದು.

ಅದೇ ಕಾಲಕ್ಕೆ ಊರಿನ ಆಚೆ ಸರ್ಕಾರದವರು ಜನತಾ ಮನೆಗಳನ್ನು ಕಟ್ಟಿಸಿದ್ದರು. ಹೊರಕೇರಿಯ ಕೆಲವು ಸಂಸಾರಗಳು ಅಲ್ಲಿಗೆ ಬಂದಿದ್ದವು. ಅವರಲ್ಲಿ ಹಾಲಮ್ಮ ಎಂಬಾಕೆ ಈರುಳ್ಳಿ ಮಂಡಿಯಲ್ಲಿ ಗೆಡ್ಡೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಮಂಡಿ ಬಸ್ ಸ್ಟ್ಯಾಂಡಿನ ಹಿಂದೆಯೇ. ಕೆಲಸ ಮಾಡುತ್ತಾ ಅವಳು ತತ್ತ್ವಪದ ಹೇಳುತ್ತಿದ್ದದ್ದು ಭಾವನ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಬಸ್ಸು ಬಿಟ್ಟು ಮಂಡಿಯ ಗೇಟಿಗೆ ಹೋಗಿ ನಿಂತರು.

"ಏನಮ್ಮಾ, ಈ ದನಿ ಇಟ್ಕೊಂಡು ಈರುಳ್ಳಿ ಮುಂದೆ ಹಾಡ್ತೀಯಲ್ಲ. ಅದಕ್ಕೇ ನೋಡು ಎಲ್ಲರ ಕಣ್ಣಲ್ಲೂ ನೀರು. ಸೋಮವಾರ ಮಠಕ್ಕೆ ಬಾ."

"ನಾವು ಬರಬೌದಾ ಸ್ವಾಮಿ?"

"ಬಾಗಿಲು ತೆಗ್ದಿರ್ತದೆ. ನಿನ್ನ ಕಡೆ ಹಾಡೋರು ಯಾರಿದ್ರೂ ಕರ್ಕೊಂಡು ಬಾ."

ಅವಳು ಬಂದಳು. ಅವಳ ಮಾವ, ಇನ್ನು ಕೆಲವು ಗಂಡಸರು ಹೆಂಗಸರು, ಎಲ್ಲರೂ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಬಾಗಿಲ ಹತ್ತಿರ ನಿಂತರು. ಹಜಾರದಲ್ಲಿ ಮುಕ್ಕಾಲು ಚಾಪೆ ಖಾಲಿ. ಬರಬೇಡಿ ಎಂದು ರುದ್ರಪ್ಪನವರು ಹೇಳಲಿಲ್ಲ. ಹಾಗೆ ಹೇಳುವ ಕಾಲ ಅಲ್ಲ ಎಂದು ಅವರಿಗೂ ಗೊತ್ತಿತ್ತು.

"ಬಂದದ್ದು ಸಂತೋಷ ಕಣಮ್ಮ. ಆದರೆ ಭಜನೆ ಅಂದ್ಮೇಲೆ ಕೈಗೆ ತಾಳ ಬೇಕಲ್ಲ. ತಾಳ ಇಲ್ಲ. ಗೋಡೆ ಮೇಲಿರೋವು ಹಿರಿಯರವು. ಹೊಸದು ತರಾಣ ಅಂದ್ರೆ ಈ ಎರಕಕ್ಕೆ ದನಿ ಸೇರಲ್ಲ. ಏನ್ ಮಾಡೋದು ಹೇಳು."

"ಪರವಾಗಿಲ್ಲ ಸ್ವಾಮಿ. ಇಲ್ಲೇ ಕೂತು ಕೈ ತಟ್ತೀವಿ" ಎಂದಳು ಹಾಲಮ್ಮ.

ಮೆಟ್ಟಿಲ ಮೇಲೆ ಕೂತರು. ಭಾವ ಪದ ಎತ್ತಿದರು. ಹೊರಗಿನಿಂದ ಬಂದ ದನಿ ಒಳಗಿನದನ್ನು ಮುಳುಗಿಸಿಬಿಟ್ಟಿತು. ಹಾಡುತ್ತಾ ಹಾಡುತ್ತಾ ಅವರು ಒಮ್ಮೆ ಗೋಡೆಯ ಕಡೆ, ಒಮ್ಮೆ ಬಾಗಿಲ ಕಡೆ ನೋಡಿದ್ದು ನನಗೆ ಕಾಣಿಸಿತು. ಅವರ ಕಣ್ಣು ಎಲ್ಲಿಗೆ ಹೋಗುತ್ತಿದೆ ಎಂದು ನನಗೆ ತಿಳಿಯಿತು. ಅವರು ಬಸ್ಸಿನೊಳಗೆ ಹತ್ತಿದಾಗ ನೋಡುವ ನೋಟ ಅದು.

ಆ ವಾರವೆಲ್ಲ ಅವರು ತೀರಿಹೋದವರ ಮನೆಗಳಿಗೆ ಒಂದೊಂದಾಗಿ ಹೋಗಿ ಬಂದರು ಎಂದು ತಿಳಿಯಿತು. ತಾಳ ಇಳಿಸಲು ಕೆಲವರು ತಕ್ಷಣ ಒಪ್ಪಿದರಂತೆ. ಒಬ್ಬರ ಮಗ "ಅಯ್ಯೋ, ಅಪ್ಪನ ತಾಳ ಇನ್ನೂ ಅಲ್ಲೇ ಇದ್ಯಾ?" ಎಂದು ಕೇಳಿದನಂತೆ. ನನ್ನ ಮನೆಗೆ ಕೊನೆಗೆ ಬಂದರು. ನಾನು ಮಿಷನ್ ಮುಂದೆ ಕೂತಿದ್ದೆ. ಏಳಲಿಲ್ಲ. ಹೊಲಿಗೆಯನ್ನೂ ನಿಲ್ಲಿಸಲಿಲ್ಲ.

"ಕಾಫಿ ಕೊಡಲ್ವೇನಮ್ಮ?"

"ನೀವು ಯಾಕೆ ಬಂದಿದ್ದೀರಿ ಅಂತ ಗೊತ್ತು ಭಾವ."

"ಗೊತ್ತಿದ್ರೆ ಒಳ್ಳೇದೇ ಆಯ್ತು. ಕಾಫಿ ಕೊಡು."

ಎದ್ದು ಕಾಫಿ ಕೊಟ್ಟು ಮತ್ತೆ ಹೊಲಿಯಲು ಕೂತೆ. ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅವರು ಒಂದು ವಿಷಯ ಹೇಳಿದರು. ಗೋಡೆಯ ಮೇಲಿನ ಮೊದಲ ತಾಳ ಅವರ ಸ್ವಂತ ಅಣ್ಣನದು. ಅಣ್ಣ ಹೋದ ಮೇಲಿನ ಸೋಮವಾರ ಆ ತಾಳ ಚಾಪೆಯ ಮೇಲೆ ಹಾಗೇ ಬಿದ್ದಿತ್ತು. ಯಾರಾದರೂ ತುಳಿದಾರು ಎಂದು ಎತ್ತಿಡಲು ಜಾಗ ಹುಡುಕಿದರು. ಗೋಡೆಯಲ್ಲಿ ಹಳೆಯ ಕ್ಯಾಲೆಂಡರ್ ತೆಗೆದ ಮೊಳೆಯೊಂದು ಖಾಲಿ ಇತ್ತು. ಅದಕ್ಕೆ ನೇತು ಹಾಕಿದರು. ಮುಂದಿನ ವಾರ ಕೊಡುವುದಕ್ಕೆ ಹೊಸಬರು ಯಾರೂ ಇರಲಿಲ್ಲ, ಅಲ್ಲೇ ಉಳಿಯಿತು. ಆಮೇಲೆ ಇನ್ನೊಬ್ಬರು ಹೋದರು. ಅವರ ಮನೆಯವರು ಬಂದು, "ನಮ್ಮೋರದ್ದೂ ಹಾಗೇ ಹಾಕಿ, ಅವರಿಗಿಂತ ನಮ್ಮೋರೇನು ಕಡಿಮೆ" ಎಂದರು.

"ಅಷ್ಟೇ ಕಣಮ್ಮ. ಪದ್ಧತೀನೂ ಇಲ್ಲ, ಶಾಸ್ತ್ರಾನೂ ಇಲ್ಲ. ಕ್ಯಾಲೆಂಡರ್ ಮೊಳೆ ಅದು. ಟವೆಲ್ ಆದ್ರೆ ಮಡಚಿ ಕಂಬಿಗೆ ಹಾಕ್ತೀನಿ, ಸೀಟು ಕೊಟ್ಬಿಡ್ತೀನಿ. ಇಲ್ಲಿ ನಾನೇ ಸೀಟನ್ನ ಗೋಡೆಗೆ ನೇತು ಹಾಕ್ಬಿಟ್ಟೆ. ಜನ ಬಾಗಿಲಲ್ಲಿ ನಿಂತವ್ರೆ."

ನಾನು ಮಿಷನ್ ನಿಲ್ಲಿಸಿದೆ. "ನಿಮಗೆ ಅದು ಕ್ಯಾಲೆಂಡರ್ ಮೊಳೆ ಇರಬಹುದು ಭಾವ. ನನಗೆ ಅವರು ಇರೋದು ಅಲ್ಲೊಂದೇ ಕಡೆ. ಅದನ್ನೂ ತೆಗೆದ್ರೆ ನಾನು ಸೋಮವಾರ ಎಲ್ಲಿಗೆ ಹೋಗ್ಲಿ?"

ಅವರು ನನಗೆ ಬುದ್ಧಿ ಹೇಳುತ್ತಾರೆ ಎಂದುಕೊಂಡಿದ್ದೆ. ಶರಣರ ಮಾತು ತೆಗೆಯುತ್ತಾರೆ, ದೇಹ ನಶ್ವರ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಲೋಟದ ತಳದಲ್ಲಿ ಉಳಿದಿದ್ದ ಕಾಫಿ ಕುಡಿದರು. ಆಮೇಲೆ ಎದ್ದರು.

"ಆಯ್ತು ತಾಯಿ. ನಿಂದು ಮುಟ್ಟಲ್ಲ."

ಬಾಗಿಲು ದಾಟಿದವರು ತಿರುಗಿ, "ಕಾಫಿಗೆ ಬೆಲ್ಲ ಜಾಸ್ತಿ ಆಗಿತ್ತು" ಎಂದು ಹೇಳಿ ಹೋದರು.

ಮುಂದಿನ ಸೋಮವಾರ ನಾನು ಬೇಗನೇ ಹೋದೆ. ಅವರು ಮಾತು ಉಳಿಸಿಕೊಂಡಿದ್ದರು. ಗೋಡೆಯ ಮೇಲಿದ್ದ ಎಲ್ಲ ತಾಳಗಳೂ ಇಳಿದಿದ್ದವು. ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದರು. ನನ್ನ ಗಂಡನದೊಂದು ಜೊತೆ ಮಾತ್ರ ಮೊಳೆಯಲ್ಲಿತ್ತು. ಅದಕ್ಕೆ ವಿಭೂತಿ, ಹೂವು ಎಲ್ಲ ಎಂದಿನಂತೆ.

ಹಾಲಮ್ಮನ ಕಡೆಯವರು ಬಂದರು. ಭಾವ ಒಬ್ಬೊಬ್ಬರಿಗೂ ತಾಳ ಕೊಟ್ಟು ಒಳಗೆ ಕೂರಿಸಿದರು. "ಜರುಗ್ರಪ್ಪ, ಜರುಗ್ರಿ. ಮುಂದೆ ಖಾಲಿ ಐತೆ." ರುದ್ರಪ್ಪನವರು ಎದ್ದು ನಿಂತರು.

"ಇದು ಸರೀನಾ ಏಜೆಂಟ್ರೇ? ಹಿರಿಯರು ಏನಂತಾರೆ?"

"ಹಿರಿಯರಲ್ಲಿ ಮೊದಲನೇವ್ನು ನಮ್ಮಣ್ಣ. ಅವನು ಏನಂತಾನೆ ಅಂತ ನನಗೆ ಗೊತ್ತು ಕಣಯ್ಯ. ನಿನ್ನೆ ಅವನ ತಾಳ ತಿಕ್ಕುವಾಗ, ಇಷ್ಟ್ ದಿನ ಯಾಕೋ ತೊಳೀಲಿಲ್ಲ ಅಂದ."

ರುದ್ರಪ್ಪನವರು ಚಪ್ಪಲಿ ಹಾಕಿಕೊಂಡು ಹೊರಟುಹೋದರು. ಕೆಲವು ವಾರ ಬರಲಿಲ್ಲ. ಆಮೇಲೆ ಒಂದು ಸೋಮವಾರ ಬಂದು, ಏನೂ ಆಗಿಲ್ಲ ಎನ್ನುವವರ ಹಾಗೆ ಬಾಗಿಲಲ್ಲಿ ನಿಂತರು. ಭಾವ ಹಾಡು ನಿಲ್ಲಿಸದೆ ಕೈಸನ್ನೆಯಿಂದಲೇ ಇಬ್ಬರನ್ನು ಜರುಗಿಸಿ ಅವರಿಗೆ ಜಾಗ ಮಾಡಿದರು. ಅದು ಆಮೇಲಿನ ಮಾತು.

ಆ ದಿನ ತಾಳಗಳೆಲ್ಲ ಹಂಚಿ ಮುಗಿದವು. ಒಂದು ಜೊತೆ ಕಡಿಮೆ ಬಿತ್ತು. ತನಗೆ ಕೊಟ್ಟದ್ದನ್ನು ಹಾಲಮ್ಮ ಮಾವನಿಗೆ ಕೊಟ್ಟು, ತಾನು ಕೈ ತಟ್ಟುತ್ತಾ ಕೂತಳು. ಭಾವ ಪದ ಎತ್ತಿದರು. ಹಜಾರ ತುಂಬಿ ಎಷ್ಟೋ ವರ್ಷವಾಗಿತ್ತು. ಅವರು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ನಾನು ಹಟ ಹಿಡಿಯುತ್ತಿದ್ದೆನೋ ಏನೋ.

ನಾನು ಎಂದಿನಂತೆ ಗೋಡೆ ನೋಡಿದೆ. ಅಲ್ಲಿಯವರೆಗೆ ನನ್ನ ಗಂಡನ ತಾಳ ಹತ್ತಾರು ತಾಳಗಳ ನಡುವೆ ಇತ್ತು. ಅವರೆಲ್ಲ ಅಲ್ಲಿ ಒಟ್ಟಿಗೆ ಇದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು. ಈಗ ಖಾಲಿ ಮೊಳೆಗಳ ನಡುವೆ ಅದೊಂದೇ ಇತ್ತು. ಜೊತೆಯವರೆಲ್ಲ ಎದ್ದು ಹಾಡಲು ಹೋಗಿ ಅವರೊಬ್ಬರನ್ನು ಬಿಟ್ಟು ಹೋದ ಹಾಗಿತ್ತು. ನನ್ನ ಗಂಡನಿಗೆ ಒಬ್ಬರೇ ಕೂರುವುದು ಎಂದೂ ಆಗುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದರೂ ಮಗಳನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಿದ್ದರು. ಅವರನ್ನು ಅಲ್ಲಿ ಒಂಟಿಯಾಗಿ ನೇತು ಹಾಕಿದ್ದು ಈಗ ನಾನು. ಬೇರೆ ಯಾರೂ ಅಲ್ಲ.

ಎದ್ದು ಹೋದೆ. ಹಾಡುವವರ ನಡುವೆ ದಾರಿ ಮಾಡಿಕೊಂಡು ಗೋಡೆಯ ಹತ್ತಿರ ಹೋಗಿ ತಾಳವನ್ನು ಇಳಿಸಿದೆ. ಭಾವನಿಗೆ ಕೊಡಲು ಹೋದೆ. ಅವರ ಎರಡು ಕೈಯಲ್ಲೂ ತಾಳವಿತ್ತು, ಬಾಯಲ್ಲಿ ಪದವಿತ್ತು. ನಿಲ್ಲಿಸಲಿಲ್ಲ. ಗದ್ದ ಎತ್ತಿ ಹಾಲಮ್ಮನ ಕಡೆ ತೋರಿಸಿದರು. ನೀನೇ ಕೊಡು ಎಂದು ಅದರ ಅರ್ಥ.

ಅವಳ ಮುಂದೆ ಕೂತು ಕೈಯಲ್ಲಿಟ್ಟೆ. ಅವಳ ಬೆರಳುಗಳು ಈರುಳ್ಳಿ ಆರಿಸಿ ಆರಿಸಿ ಬಿರುಕು ಬಿಟ್ಟಿದ್ದವು.

"ನಂಗಾ ಅಮ್ಮಾರೆ?"

"ಹೂಂ. ದಾರ ಬಿಗಿ ಇದೆ. ನಿನ್ನ ಬೆರಳಿಗೆ ಸರಿಯಾಗಿ ಕಟ್ಕೊ."

ಅವಳು ಅದನ್ನು ಕಣ್ಣಿಗೊತ್ತಿಕೊಂಡು ದಾರ ಸಡಿಲಿಸಿದಳು. ನಾನು ಕಂಬದ ಹಿಂದಕ್ಕೆ ಹೋಗಲಿಲ್ಲ. ಅವಳ ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿದೆ. ನನ್ನ ಗಂಡನ ತಾಳದ ದನಿ ಬೇರೆಯಾಗಿ ಕೇಳಿಸುತ್ತದೆ ಎಂದುಕೊಂಡಿದ್ದೆ. ಎಷ್ಟು ಕಿವಿಗೊಟ್ಟರೂ ಯಾವುದು ಎಂದು ತಿಳಿಯಲಿಲ್ಲ. ಒಂದೇ ಎರಕದವು. ಒಂದು ಕ್ಷಣ ಭಯವಾಯಿತು, ಅವರು ಕೈ ತಪ್ಪಿ ಹೋದರು ಎಂದು. ಮರುಕ್ಷಣ ಹೆಗಲು ತಾನಾಗಿ ಇಳಿಯಿತು. ಹುಡುಕುವುದನ್ನು ಬಿಟ್ಟೆ. ಯಾವಾಗ ಶುರು ಮಾಡಿದೆನೋ ಗೊತ್ತಿಲ್ಲ, ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ನಾನೂ ಹಾಡುತ್ತಿದ್ದೆ. ಮಠದಲ್ಲಿ ಹೆಂಗಸರು ಹಾಡಬಾರದು ಎಂಬುದನ್ನು ಆ ದಿನ ಯಾರೂ ನೆನಪು ಮಾಡಲಿಲ್ಲ.

ಆಮೇಲೆ ಭಜನೆ ಬೆಳೆಯಿತು. ಹೊಸ ಪದಗಳು ಬಂದವು. ಹಾಲಮ್ಮ ತಂದ ಕೆಲವು ಪದಗಳ ಧಾಟಿ ಭಾವನಿಗೆ ಮೊದಮೊದಲು ಹಿಡಿಯಲೇ ಇಲ್ಲ. "ನಿಮ್ಮ ಗಾಡಿ ಘಾಟಿ ಇಳಿದ್ ಹಾಗೆ ಹೋಗ್ತದಲ್ಲಮ್ಮ, ಸ್ವಲ್ಪ ನಿಧಾನ" ಎನ್ನುವರು. ಅವಳು, "ನೀವು ಹತ್ಕಳಿ ಸ್ವಾಮಿ, ನಾನು ನಿಲ್ಲಸ್ತೀನಿ" ಎನ್ನುವಳು. ಅಷ್ಟು ಹೊತ್ತಿಗೆ ಅವಳಿಗೆ ನಾನು ಅಮ್ಮಾರು ಹೋಗಿ ಅಕ್ಕ ಆಗಿದ್ದೆ.

ಎಲ್ಲವೂ ಸಲೀಸಾಗಿ ಆಯಿತು ಎಂದಲ್ಲ. ಕೆಲವು ಮನೆಯವರು ಮಠಕ್ಕೆ ಬರುವುದನ್ನೇ ಬಿಟ್ಟರು, ಮತ್ತೆ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಭಾವನನ್ನು ಕಂಡು ಮುಖ ತಿರುಗಿಸಿದವರಿದ್ದರು. ಅವರು ಅಂಥವರನ್ನೂ ಎಂದಿನ ದನಿಯಲ್ಲೇ ಕರೆದು ಬಸ್ಸಿಗೆ ಹತ್ತಿಸುತ್ತಿದ್ದರು. ಬೇಸರವಿಲ್ಲವೇ ಎಂದು ನಾನು ಕೇಳಿದಾಗ, "ಐತೆ. ಆದರೆ ಅವರೂ ಊರಿಗೆ ಹೋಗ್ಬೇಕಲ್ಲಮ್ಮ" ಎಂದರು.

ಕೂಗುವ ಶಕ್ತಿ ಹೋದ ಮೇಲೆ ಏಜೆಂಟ್ ಕೆಲಸ ಬಿಟ್ಟರು. ಭಜನೆಯಲ್ಲೂ ಒಂದು ದಿನ, ಯಾರಿಗೂ ಮುಂಚಿತವಾಗಿ ಹೇಳದೆ, ಮುಂದಿನ ಜಾಗ ಬಿಟ್ಟು ಹಿಂದೆ ಬಂದು ಗೋಡೆಗೆ ಒರಗಿ ಕೂತರು. ಎಲ್ಲರೂ ಪದ ಎತ್ತಲಿ ಎಂದು ಅವರ ಕಡೆ ನೋಡಿದರೆ, ಅವರು ಹಾಲಮ್ಮನ ಕಡೆ ನೋಡಿದರು. ಅವಳು ಬೇಡ ಎಂದು ತಲೆಯಾಡಿಸಿದಳು. ಅವರು ಅಲುಗಲಿಲ್ಲ. ಕೊನೆಗೆ ಅವಳೇ ಎತ್ತಿದಳು. ತಮ್ಮ ತಾಳವನ್ನು ಅವರು ಕಾಯಿಲೆ ಬೀಳುವುದಕ್ಕೂ ಮುಂಚೆಯೇ ಶಿವನಿಯಿಂದ ಬರುತ್ತಿದ್ದ ಒಬ್ಬ ಬಡಗಿಗೆ ಕೊಟ್ಟುಬಿಟ್ಟಿದ್ದರು. ತಾವು ಹೋದ ಮೇಲೆ ಅದನ್ನು ಏನು ಮಾಡುವುದು ಎಂದು ನಾವು ಕೂತು ಯೋಚಿಸಬಾರದು ಎಂದು ಅವರಿಗಿತ್ತು ಎಂದು ಕಾಣುತ್ತದೆ. ಕೇಳಿದ್ದಕ್ಕೆ, "ಕೈ ನೋಯ್ತದೆ" ಎಂದಷ್ಟೇ ಹೇಳಿದ್ದರು.

ಸುದ್ದಿ ಕೇಳಿದ ಆ ಸೋಮವಾರ ಸಂಜೆ ನಾನು ಮಠಕ್ಕೆ ಹೋದೆ. ಅವರ ಹೆಂಡತಿ ಬಂದಿದ್ದರು. ಕೈ ಹಿಡಿದು ಮಾತಾಡಿಸಿದೆ. ಜನ ತುಂಬಿದ್ದರು. ಅವರು ಒರಗಿ ಕೂರುತ್ತಿದ್ದ ಜಾಗದಲ್ಲಿ ನನಗೆ ಪರಿಚಯವಿಲ್ಲದ ಯಾರೋ ಕೂತಿದ್ದರು. ಆತನಿಗೆ ಅದು ಯಾರ ಜಾಗ ಎಂದು ಗೊತ್ತಿರಲಿಲ್ಲ. ಯಾರೂ ಎಬ್ಬಿಸಲೂ ಇಲ್ಲ. ಹಾಲಮ್ಮ ಪದ ಎತ್ತುವ ಮುಂಚೆ ಅವರ ಹೆಸರು ಹೇಳಿ ಕಣ್ಣು ಒರೆಸಿಕೊಂಡಳು. ಆಮೇಲೆ ಅವರಿಗೆ ಹಿಡಿಯದಿದ್ದ ಆ ಓಟದ ಧಾಟಿಯ ಪದವನ್ನೇ ಎತ್ತಿದಳು.

ನನ್ನ ಪಕ್ಕದಲ್ಲಿ ಕೂತಿದ್ದವರು ಹೊಸದಾಗಿ ಕಡೂರಿನಿಂದ ವರ್ಗವಾಗಿ ಬಂದಿದ್ದ ಮೇಷ್ಟ್ರ ಹೆಂಡತಿ. ಮೊದಲನೇ ಸಲ ಬಂದಿದ್ದರು. ಹಾಡು ಮುಗಿದ ಮೇಲೆ ನನ್ನ ಕಡೆ ಬಾಗಿ ಕೇಳಿದರು.

"ಪದ ಎತ್ತಿದೋರ ಕೈಯಲ್ಲಿರೋದು ಹಳೇ ಕಾಲದ ತಾಳ ಅಲ್ವಾ? ಈಗೆಲ್ಲಿ ಸಿಗತ್ತೆ ಇಂಥವು. ಯಾರದ್ದು ಅದು?"

"ಹಾಲಮ್ಮಂದು" ಎಂದೆ.

ಹೇಳಿದ್ದು ನನ್ನ ಗಮನಕ್ಕೇ ಬರಲಿಲ್ಲ. ಮುಂದಿನ ಪದ ಶುರುವಾಗಿತ್ತು. ಮನೆಗೆ ಬಂದು, ಕೈಕಾಲು ತೊಳೆದು, ತಟ್ಟೆ ಹಾಕಿಕೊಂಡು ಕೂತಾಗ ಆ ಮಾತು ನೆನಪಾಯಿತು. ಕಲಸಿದ ಅನ್ನದಲ್ಲಿ ಕೈ ಹಾಗೇ ನಿಂತಿತು. ನನ್ನ ಗಂಡನದು ಎಂದು ಹೇಳಬೇಕಿತ್ತೇ ಎಂದು ಯೋಚಿಸಿದೆ. ಹೇಳಬೇಕಿರಲಿಲ್ಲ. ನಾನು ಹೇಳಿದ್ದೇ ಸರಿ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವು ಚೆನ್ನಾಗಿತ್ತು. ಸಾರನ್ನು ಇನ್ನೊಂದು ಸಲ ಬಿಸಿ ಮಾಡಿಕೊಂಡು, ಎರಡನೇ ಸಲವೂ ಅನ್ನ ಬಡಿಸಿಕೊಂಡು ಹೊಟ್ಟೆ ತುಂಬ ಉಂಡೆ.